ಓದುವವರ ಹೃದಯದಲ್ಲಿ ನುಡಿಯುವವರು

ಬೈಬಲ್ ತೆರೆದು ಕುಳಿತರೆ ಅರ್ಥ ಹೇಳಲು ಬರುವವರಿಗೆ ಬರವಿಲ್ಲ. ಕರಪತ್ರ ಹಿಡಿದು ಮನೆಬಾಗಿಲಿಗೆ ಬರುವವರು ಒಂದು ಹೇಳುತ್ತಾರೆ, ಮೊಬೈಲಿನಲ್ಲಿ ಕೇಳುವ ಪ್ರಸಂಗ ಇನ್ನೊಂದು ಹೇಳುತ್ತದೆ. ಈ ಗದ್ದಲದಲ್ಲಿ ಪವಿತ್ರಾತ್ಮರು ನಮ್ಮೊಳಗೆ ಮೆಲ್ಲನೆ ನುಡಿಯುವುದನ್ನು ನಂಬಬಹುದೇ?

ನಂಬಿ ನಡೆದವರು ಬಾಲಯೇಸುವಿನ ಸಂತ ತೆರೇಸಾ. ಫ್ರಾನ್ಸಿನ ಲಿಸ್ಯೂ ನಗರದ ಕಾರ್ಮೆಲ್ ಮಠವನ್ನು 1888ರಲ್ಲಿ ಸೇರಿದಾಗ ಅವರಿಗೆ 15 ವರ್ಷ. 24ಕ್ಕೆ ತೀರಿಕೊಂಡರು. ದೇವಶಾಸ್ತ್ರ ಕಲಿಯದ ಇವರನ್ನು ಪೋಪ್ ಎರಡನೆಯ ಜಾನ್ ಪೌಲ್ 1997ರಲ್ಲಿ ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು.

ಆ ಕಾಲದ ಭಕ್ತಿಯಲ್ಲಿ ದೇವರೆಂದರೆ ಲೆಕ್ಕ ಕೇಳುವ ನ್ಯಾಯಾಧೀಶ ಎಂಬ ಭಯವೇ ಹೆಚ್ಚು. ಆವಿಲಾದ ಮಹಾ ಸಂತ ತೆರೇಸಾ ಅವರಷ್ಟೇ ದೇವರನ್ನು ಪ್ರೀತಿಸಿ ಸಂತಳಾಗಬೇಕೆಂಬ ಆಸೆಯನ್ನು ಇವರು ಧ್ಯಾನಕೂಟಕ್ಕೆ ಬಂದ ಗುರುಗಳೊಬ್ಬರ ಮುಂದಿಟ್ಟರು. ಅದು ಗರ್ವ, ತಪ್ಪು ತಿದ್ದಿಕೊಂಡರೆ ಸಾಕು ಎಂದರು ಗುರುಗಳು. ತೆರೇಸಾ ಕೋಪಗೊಳ್ಳಲಿಲ್ಲ, ಹಿಂದೆಯೂ ಸರಿಯಲಿಲ್ಲ. ಸ್ವರ್ಗದ ತಂದೆಯಂತೆ ಪರಿಪೂರ್ಣರಾಗಲು ಸ್ವಾಮಿಯೇ ಕರೆದಿದ್ದಾರಲ್ಲ ಎಂದು ಮತ್ತಾಯನ ಶುಭಸಂದೇಶವನ್ನು ನೆನಪಿಸಿದರು.

ಅವರ ಕೈಯಲ್ಲಿ ಇಡೀ ಬೈಬಲ್ ಕೂಡ ಇರಲಿಲ್ಲ! 1894ರಲ್ಲಿ ಮಠ ಸೇರಿದ ಅಕ್ಕ ಸೆಲಿನ್, ಹಳೆಯ ಒಡಂಬಡಿಕೆಯ ಕೆಲವು ಭಾಗಗಳನ್ನು ಬರೆದುಕೊಂಡಿದ್ದ ನೋಟ್‌ಬುಕ್ ತಂದರು. ಚಿಕ್ಕವರನ್ನು ಹತ್ತಿರ ಕರೆಯುವ ಜ್ಞಾನೋಕ್ತಿಯ 9ನೇ ಅಧ್ಯಾಯದ ಮಾತು, ತಾಯಿಯಂತೆ ಸಂತೈಸುವ ದೇವರನ್ನು ತೋರಿಸುವ ಯೆಶಾಯನ 66ನೇ ಅಧ್ಯಾಯ, ಎರಡೂ ಅದರಲ್ಲಿ ಸಿಕ್ಕವು. ಆಗ ಶ್ರೀಮಂತರ ಮನೆಗಳಿಗೆ ಹೊಸದಾಗಿ ಲಿಫ್ಟ್ ಬಂದಿದ್ದ ಕಾಲ. ಮೆಟ್ಟಿಲೇರಲಾರದ ತನಗೆ ಯೇಸುವಿನ ತೋಳುಗಳೇ ಲಿಫ್ಟ್ ಎಂದು ಬರೆದರು. ಲೋಕ ಇಂದು ಕೊಂಡಾಡುವ ‘ಚಿಕ್ಕ ದಾರಿ’ ಹುಟ್ಟಿದ್ದು ಆ ನೋಟ್‌ಬುಕ್‌ನಿಂದ.

1896ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ತಳಮಳ. ಧರ್ಮಪ್ರಚಾರಕಿ, ಗುರು, ರಕ್ತಸಾಕ್ಷಿ, ಎಲ್ಲವೂ ಆಗುವಾಸೆ. ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯ ತೆರೆದರೆ, ಎಲ್ಲರೂ ಎಲ್ಲವೂ ಆಗಲಾರರು ಎಂಬ ಉತ್ತರ. ಮನಸ್ಸಿಗೆ ಶಾಂತಿ ಸಿಗಲಿಲ್ಲ. ಆದರೂ ಪುಸ್ತಕ ಮುಚ್ಚಲಿಲ್ಲ, ಮುಂದಕ್ಕೆ ಓದಿದರು (ನಾವಾದರೆ ಅಲ್ಲೇ ನಿಲ್ಲಿಸುತ್ತಿದ್ದೆವೋ ಏನೋ). 13ನೇ ಅಧ್ಯಾಯದಲ್ಲಿ ಉತ್ತರವಿತ್ತು: ಧರ್ಮಸಭೆಯ ಹೃದಯದಲ್ಲಿ ತಾನು ಪ್ರೀತಿಯಾಗಿರಬೇಕು.

ಹಾಗೆಂದು ‘ನನಗೆ ಹೀಗೆ ತೋರಿತು’ ಎಂಬುದೆಲ್ಲ ಪವಿತ್ರಾತ್ಮರ ನುಡಿಯಲ್ಲ. ಪೇತ್ರನ ಎರಡನೆಯ ಪತ್ರ ಮನಬಂದಂತೆ ಅರ್ಥ ಮಾಡುವುದನ್ನು ಎಚ್ಚರಿಸುತ್ತದೆ. ಪವಿತ್ರ ಗ್ರಂಥವನ್ನು ಬರೆಸಿದ ಆತ್ಮರಲ್ಲೇ ಅದನ್ನು ಓದಬೇಕು, ಇಡೀ ಗ್ರಂಥವನ್ನೂ ಧರ್ಮಸಭೆಯ ಪರಂಪರೆಯನ್ನೂ ಮುಂದಿಟ್ಟುಕೊಂಡು ಓದಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ತಿಳಿಸಿತು. ತೆರೇಸಾ ಬಾಳಿದ್ದು ಹೀಗೆಯೇ. ತಾನು ಗುರುವಾಗಿದ್ದರೆ ಹೀಬ್ರೂ, ಗ್ರೀಕ್ ಕಲಿಯುತ್ತಿದ್ದೆ ಎಂದವರು ಅವರು. 1895ರಲ್ಲಿ ದೇವರ ಕರುಣಾಭರಿತ ಪ್ರೀತಿಗೆ ತನ್ನನ್ನು ಅರ್ಪಿಸಿಕೊಳ್ಳುವ ಪ್ರಾರ್ಥನೆ ಬರೆದಾಗ ಮಠದ ಮಾತೆಯ ಅಪ್ಪಣೆ ಕೇಳಿದರು. ಅದನ್ನು ಪರಿಶೀಲಿಸಿದ ಗುರುಗಳು ‘ಅನಂತ ಆಸೆಗಳು’ ಎಂಬ ಮಾತು ಸಲ್ಲದು, ‘ಅಪಾರ ಆಸೆಗಳು’ ಎನ್ನಬೇಕು ಎಂದರು. ತೆರೇಸಾ ಪದ ತಿದ್ದಿದರು. ಅರ್ಪಣೆಯನ್ನು ಹಿಂತೆಗೆದುಕೊಳ್ಳಲಿಲ್ಲ.