ಇಂಗ್ಲಿಷಿನ ಪೂರ್ಣವರ್ತಮಾನವೂ ಕನ್ನಡದ ‘ಬಂದಿದ್ದಾನೆ’ಯೂ

ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಪ್ರಬಂಧಗಳನ್ನು ತಿದ್ದಿದ ಅಧ್ಯಾಪಕರಿಗೆಲ್ಲ ಚಿರಪರಿಚಿತವಾದ ವಾಕ್ಯವೊಂದುಂಟು: ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’. ಕೆಂಪು ಶಾಯಿಯಿಂದ ‘ಹ್ಯಾಸ್ ಕಮ್’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಕೇಮ್’ ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ವಾಡಿಕೆ. ವಿದ್ಯಾರ್ಥಿಯು ಮುಂದಿನ ವಾರ ಅದೇ ತಪ್ಪನ್ನು ಮತ್ತೆ ಮಾಡುತ್ತಾನೆ. ಇದನ್ನು ಅವನ ಅಲಕ್ಷ್ಯದ ಫಲವೆಂದು ಭಾವಿಸುವುದು ಅನ್ಯಾಯ. ಅವನು ತನ್ನ ಮಾತೃಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ, ಅಷ್ಟೆ. ‘ಅವನು ನಿನ್ನೆ ಬಂದಿದ್ದಾನೆ’ ಎಂಬ ಕನ್ನಡ ವಾಕ್ಯದಲ್ಲಿ ಯಾವ ದೋಷವೂ ಇಲ್ಲ. ದೋಷವಿಲ್ಲದ ಕನ್ನಡವು ಇಂಗ್ಲಿಷಿಗೆ ಹೋದೊಡನೆ ದೋಷವಾಗುವುದೇಕೆ ಎಂಬುದೇ ಇಲ್ಲಿಯ ವಿಚಾರ.

ರೂಪವನ್ನು ನೋಡಿದರೆ ಎರಡು ಭಾಷೆಗಳ ರಚನೆಯೂ ಒಂದೇ ಬಗೆಯದು. ‘ಬಂದು’ ಎಂಬ ಕೃದಂತಕ್ಕೆ ‘ಇರು’ ಧಾತುವಿನ ವರ್ತಮಾನ ರೂಪವು ಸೇರಿ ‘ಬಂದಿದ್ದಾನೆ’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಭೂತಕೃದಂತಕ್ಕೆ ‘ಹ್ಯಾವ್’ ಎಂಬುದರ ವರ್ತಮಾನ ರೂಪವು ಸೇರುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಈ ‘ಹ್ಯಾವ್’ ಒಡೆತನವನ್ನು ಹೇಳುತ್ತಿದ್ದ ಕ್ರಿಯಾಪದ. ‘ಬರೆದ ಪತ್ರವೊಂದು ನನ್ನ ಬಳಿ ಇದೆ’ ಎಂಬರ್ಥದ ವಾಕ್ಯವೇ ಕಾಲಕ್ರಮದಲ್ಲಿ ‘ಪತ್ರವನ್ನು ಬರೆದಿದ್ದೇನೆ’ ಎಂಬರ್ಥಕ್ಕೆ ತಿರುಗಿತು. ಗಮನಾರ್ಥಕ ಕ್ರಿಯಾಪದಗಳಿಗಾದರೋ ನಮ್ಮ ‘ಇರು’ವಿಗೆ ಸಮನಾದ ‘ಬಿ’ ಧಾತುವೇ ಸಹಾಯಕವಾಗಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ‘ಈಸ್ ಕಮ್’ ಎಂಬ ಪ್ರಯೋಗ ಧಾರಾಳವಾಗಿ ದೊರೆಯುತ್ತದೆ. ‘ಹಿ ಈಸ್ ಗಾನ್’ ಎಂಬುದು ಇಂದಿಗೂ ಉಳಿದಿದೆ. ಆದಕಾರಣ ‘ಹಿ ಈಸ್ ಕಮ್’ ಎಂದು ಬರೆಯುವ ಬಾಲಕನು ನಾಲ್ಕು ನೂರು ವರ್ಷ ತಡವಾಗಿ ಹುಟ್ಟಿದವನೆಂದು ಸಮಾಧಾನ ಪಡಬಹುದು.

ರೂಪದ ಈ ಸಾಮ್ಯವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅರ್ಥದ ಭೇದವನ್ನು ಸ್ಪಷ್ಟಪಡಿಸಲು ಹಾನ್ಸ್ ರೈಖೆನ್‌ಬಾಖ್ 1947ರಲ್ಲಿ ಪ್ರಕಟವಾದ ತನ್ನ ತರ್ಕಗ್ರಂಥದಲ್ಲಿ ತೋರಿಸಿದ ಮಾರ್ಗವು ಬಹು ಉಪಯುಕ್ತವಾದುದು. ಆತನು ಮೂರು ಬಿಂದುಗಳನ್ನು ಕಲ್ಪಿಸಿದನು: ಮಾತನಾಡುವ ಕ್ಷಣ, ಘಟನೆ ನಡೆದ ಕ್ಷಣ, ಮತ್ತು ಯಾವ ಕಾಲದಲ್ಲಿ ನಿಂತು ಆ ಘಟನೆಯನ್ನು ನೋಡುತ್ತೇವೆಯೋ ಆ ಅವಲೋಕನದ ಕ್ಷಣ. ‘ಹಿ ಕೇಮ್’ ಎಂಬಲ್ಲಿ ವಕ್ತೃವಿನ ದೃಷ್ಟಿಯು ಘಟನೆ ನಡೆದ ಕಾಲಕ್ಕೇ ಹೋಗಿ ನಿಲ್ಲುತ್ತದೆ. ‘ಹಿ ಹ್ಯಾಸ್ ಕಮ್’ ಎಂಬಲ್ಲಿ ಘಟನೆಯು ಹಿಂದೆ ನಡೆದಿದ್ದರೂ ದೃಷ್ಟಿಯು ಈ ಕ್ಷಣದಲ್ಲಿಯೇ ಇರುತ್ತದೆ. ಆಗಮನಕ್ಕಿಂತ, ಅವನು ಈಗ ಇಲ್ಲಿರುವನೆಂಬುದೇ ಅಲ್ಲಿ ಮುಖ್ಯ. ‘ಯೆಸ್ಟರ್‌ಡೇ’ ಎಂಬ ಕಾಲವಾಚಕವು ದೃಷ್ಟಿಯನ್ನು ನಿನ್ನೆಗೆ ಎಳೆಯುತ್ತದೆ, ‘ಹ್ಯಾಸ್’ ಎಂಬುದು ಅದನ್ನು ಇಂದಿಗೆ ಕಟ್ಟಿಹಾಕುತ್ತದೆ; ಇವೆರಡೂ ಒಂದು ವಾಕ್ಯದಲ್ಲಿ ಬಾಳಲಾರವು. ‘ದಿಸ್ ಮಾರ್ನಿಂಗ್’ ಎಂಬ ಪದಪುಂಜವನ್ನು ಪರೀಕ್ಷಿಸಿದರೆ ಇದು ಇನ್ನೂ ವಿಶದವಾಗುತ್ತದೆ. ಬೆಳಗಿನ ಹತ್ತು ಗಂಟೆಗೆ ‘ಐ ಹ್ಯಾವ್ ರೆಡ್ ದಿ ಪೇಪರ್ ದಿಸ್ ಮಾರ್ನಿಂಗ್’ ಎನ್ನಬಹುದು. ಸಂಜೆಯಾದ ಮೇಲೆ, ಅದೇ ದಿನದ ಅದೇ ಓದನ್ನು ಕುರಿತು, ‘ಐ ರೆಡ್’ ಎಂದೇ ಹೇಳಬೇಕು. ಘಟನೆ ಬದಲಾಗಲಿಲ್ಲ, ಬೆಳಗು ಮುಗಿಯಿತು.

ಈ ನಿಷೇಧವು ಜಗತ್ತಿನ ಭಾಷೆಗಳಿಗೆಲ್ಲ ಸಾಮಾನ್ಯವೆಂದು ತಿಳಿಯಬೇಕಾಗಿಲ್ಲ. ಇಂಗ್ಲಿಷಿನ ಸೋದರಭಾಷೆಯಾದ ಜರ್ಮನಿನಲ್ಲಿಯೂ ನೆರೆಯ ಫ್ರೆಂಚಿನಲ್ಲಿಯೂ ಇದೇ ಬಗೆಯ ಸಂಯುಕ್ತ ರೂಪವು ‘ನಿನ್ನೆ’ಯೊಡನೆ ನಿರಾತಂಕವಾಗಿ ಬರುತ್ತದೆ. ವುಲ್ಫ್‌ಗಾಂಗ್ ಕ್ಲೈನ್ ಎಂಬ ಭಾಷಾವಿಜ್ಞಾನಿ 1992ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಒಂದು ಒಗಟೆಂದೇ ಕರೆದನು. ಪಂಡಿತರಿಗೇ ಒಗಟಾದುದು ನಮ್ಮ ಹುಡುಗರಿಗೆ ಒಂದು ಸೂತ್ರದಿಂದ ಬಗೆಹರಿಯಲೆಂದು ನಿರೀಕ್ಷಿಸುವುದು ಹೆಚ್ಚಾಯಿತು.

ಸಂಸ್ಕೃತವನ್ನು ಬಲ್ಲ ಅಧ್ಯಾಪಕರು ಇಲ್ಲಿ ಲಿಟ್ ಲಕಾರವನ್ನು ತಂದು ತೋರಿಸುವುದುಂಟು. ಪಾಶ್ಚಾತ್ಯ ವೈಯಾಕರಣರು ಲಿಟ್ಟಿಗೆ ‘ಪರ್ಫೆಕ್ಟ್’ ಎಂದು ಹೆಸರಿಟ್ಟಿರುವುದೇ ಈ ಭ್ರಾಂತಿಗೆ ಕಾರಣ. ಆ ಹೆಸರು ಗ್ರೀಕಿನ ರೂಪಸಾಮ್ಯದಿಂದ ಬಂದುದು. ಪಾಣಿನಿಯ ಪ್ರಕಾರ ಲಿಟ್ ಎಂಬುದು ಇಂದಿನದಲ್ಲದ, ವಕ್ತೃವು ಕಣ್ಣಾರೆ ಕಾಣದ ಭೂತ. ಇಂಗ್ಲಿಷಿನ ಪೂರ್ಣವರ್ತಮಾನಕ್ಕೆ ಇದಕ್ಕಿಂತ ದೂರವಾದುದು ಮತ್ತೊಂದಿಲ್ಲ. ಈಗತಾನೆ ಮುಗಿದ ಕ್ರಿಯೆಗೆ ವೇದಭಾಷೆಯಲ್ಲಿ ಬಳಕೆಯಾಗುವ ಲುಙ್ ಅದಕ್ಕೆ ಹೆಚ್ಚು ಸಮೀಪದ್ದು.

ನಮಗೆ ನಿಜವಾದ ನೆರವು ದೊರೆಯುವುದು ಕನ್ನಡದ ನಿಷೇಧರೂಪಗಳಲ್ಲಿ. ‘ನಿನ್ನೆಯ ಸಭೆಗೆ ಅವನು ಬರಲಿಲ್ಲ’, ‘ಅವನು ಇನ್ನೂ ಬಂದಿಲ್ಲ’ ಎಂಬ ಎರಡು ವಾಕ್ಯಗಳನ್ನು ವಿದ್ಯಾರ್ಥಿಯ ಮುಂದಿಡಿರಿ. ಮೊದಲನೆಯದರಲ್ಲಿ ಸಭೆ ಮುಗಿದಿದೆ, ಬರುವ ಅವಕಾಶವೂ ಮುಗಿದಿದೆ. ಅದು ‘ಡಿಡ್ ನಾಟ್ ಕಮ್’. ಎರಡನೆಯದರಲ್ಲಿ ಬಾಗಿಲು ಇನ್ನೂ ತೆರೆದಿದೆ. ಅದು ‘ಹ್ಯಾಸ್ ನಾಟ್ ಕಮ್’. ವಿಧಿರೂಪದಲ್ಲಿ ಸಂದೇಹ ಬಂದಾಗ ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ, ‘ಇನ್ನೂ’ ಎಂಬ ಮಾತು ಸೇರುವುದೇ ಎಂದು ನೋಡಿದರೆ ಬಹುಪಾಲು ಸಂದರ್ಭಗಳಲ್ಲಿ ಉತ್ತರ ಸಿಕ್ಕುತ್ತದೆ. ‘ನಿನ್ನೆಯ ಸಭೆಗೆ ಬಂದಿಲ್ಲ’ ಎಂಬ ಪ್ರಯೋಗವೂ ಆಡುಮಾತಿನಲ್ಲಿ ಕಿವಿಗೆ ಬೀಳುವುದರಿಂದ ಇದನ್ನು ಶಾಸನವೆಂದು ಗ್ರಹಿಸದೆ ಕೈಮರವೆಂದು ಗ್ರಹಿಸಬೇಕು.

ಕನ್ನಡದ ಈ ರೂಪಕ್ಕೆ ಇಂಗ್ಲಿಷಿನಲ್ಲಿಲ್ಲದ ಇನ್ನೊಂದು ಶಕ್ತಿಯುಂಟು. ಬೆಳಿಗ್ಗೆ ಎದ್ದು ಅಂಗಳ ತೊಯ್ದಿರುವುದನ್ನು ಕಂಡವನು ‘ರಾತ್ರಿ ಮಳೆ ಬಂದಿದೆ’ ಎನ್ನುತ್ತಾನೆ. ಎಚ್ಚರವಾಗಿದ್ದು ಮಳೆಯ ಸದ್ದನ್ನು ಕೇಳಿದವನು ‘ರಾತ್ರಿ ಮಳೆ ಬಂತು’ ಎನ್ನುತ್ತಾನೆ. ಮೊದಲನೆಯದು ಕುರುಹಿನಿಂದ ಊಹಿಸಿದ ಮಾತು. ಇದನ್ನು ‘ಇಟ್ ಹ್ಯಾಸ್ ರೇನ್ಡ್ ಲಾಸ್ಟ್ ನೈಟ್’ ಎಂದರೆ ತಪ್ಪು. ‘ಇಟ್ ಮಸ್ಟ್ ಹ್ಯಾವ್ ರೇನ್ಡ್’ ಎಂದರೆ ಭಾವವು ಉಳಿಯುತ್ತದೆ. ಹಾಗೆಯೇ, 1994ರಲ್ಲಿ ಕಾಲವಾದ ಕುವೆಂಪು ಅವರನ್ನು ಕುರಿತು ‘ಎರಡು ಕಾದಂಬರಿಗಳನ್ನು ಬರೆದಿದ್ದಾರೆ’ ಎಂದು ನಾವು ಗೌರವದಿಂದ ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಹ್ಯಾಸ್ ರಿಟನ್’ ಎಂದರೆ ಕವಿಯು ಬದುಕಿದ್ದು ಮೂರನೆಯದನ್ನು ಬರೆಯಬಹುದೆಂಬ ಧ್ವನಿ ಹೊರಡುತ್ತದೆ. ಅಲ್ಲಿ ‘ರೋಟ್’ ಎಂಬುದೇ ಸರಿ. ಆದರೆ ಅವರ ಕೃತಿಗಳ ಪ್ರಭಾವವನ್ನು ಹೇಳುವಾಗ ‘ಹ್ಯಾವ್ ಇನ್‌ಫ್ಲುಯೆನ್ಸ್‌ಡ್’ ಎನ್ನಬಹುದು, ಪ್ರಭಾವವು ಇನ್ನೂ ನಡೆಯುತ್ತಿರುವುದರಿಂದ.

ಇದೆಲ್ಲ ಸೂಕ್ಷ್ಮಪಾಂಡಿತ್ಯವೆಂದು ಅಲ್ಲಗಳೆಯುವವರು ಉದ್ಯೋಗದ ಅರ್ಜಿಗಳನ್ನು ನೋಡಬೇಕು. ‘ಐ ವರ್ಕ್‌ಡ್ ಇನ್ ದಿಸ್ ಕಾಲೇಜ್ ಫಾರ್ ಸಿಕ್ಸ್ ಇಯರ್ಸ್’ ಎಂದು ಬರೆದವನು ಕೆಲಸವನ್ನು ಬಿಟ್ಟಿದ್ದಾನೆಂದು ಓದುವವನು ತಿಳಿಯುತ್ತಾನೆ. ಇನ್ನೂ ಅಲ್ಲಿಯೇ ಇರುವವನು ‘ಹ್ಯಾವ್ ವರ್ಕ್‌ಡ್’ ಎನ್ನಬೇಕು. ನಮ್ಮವರು ಹೆಚ್ಚಾಗಿ ಬರೆಯುವುದು ಮೂರನೆಯ ಬಗೆ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಸಿಕ್ಸ್ ಇಯರ್ಸ್’. ಇದೂ ಕನ್ನಡದ ಪ್ರತಿಬಿಂಬವೇ. ‘ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬಲ್ಲಿ ನಮಗೆ ಶುದ್ಧ ವರ್ತಮಾನವು ಸಾಕು. ‘ಇಂದ’ ಎಂಬ ಒಂದೇ ಪ್ರತ್ಯಯವು ‘ಆರು ವರ್ಷದಿಂದ’, ‘2019ರಿಂದ’ ಎಂಬೆರಡಕ್ಕೂ ಒದಗುತ್ತದೆ. ಇಂಗ್ಲಿಷ್ ಅವಧಿಯ ಪರಿಮಾಣಕ್ಕೆ ‘ಫಾರ್’ ಎಂದೂ ಆರಂಭಬಿಂದುವಿಗೆ ‘ಸಿನ್ಸ್’ ಎಂದೂ ಪ್ರತ್ಯೇಕಿಸಿ, ಎರಡರಲ್ಲಿಯೂ ಪೂರ್ಣವರ್ತಮಾನವನ್ನು ಬೇಡುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್’. ಅಮೆರಿಕದವರು ‘ಆಲ್ರೆಡಿ’, ‘ಜಸ್ಟ್’ ಮೊದಲಾದುವುಗಳೊಡನೆ ಸರಳ ಭೂತವನ್ನು ಬಳಸುವರಾದರೂ ಅವಧಿಯ ಈ ನಿಯಮವನ್ನು ಅವರೂ ಮೀರುವುದಿಲ್ಲ.

ಕೆಂಪು ಶಾಯಿಗೆ ಅಂಜಿ ‘ಹ್ಯಾಸ್’ಅನ್ನು ಬಿಟ್ಟ ವಿದ್ಯಾರ್ಥಿಯು ‘ಹ್ಯಾಡ್’ಅನ್ನು ಹಿಡಿಯುವುದೂ ಉಂಟು. ‘ನಿನ್ನೆ ಧಾರವಾಡಕ್ಕೆ ಹೋಗಿದ್ದೆ’ ಎಂಬುದು, ಹೋಗಿ ಹಿಂದಿರುಗಿದ್ದೇನೆ ಎಂಬ ಭಾವವನ್ನು ಒಳಗೊಂಡ ಸುಂದರವಾದ ಕನ್ನಡ. ಅದನ್ನು ‘ಐ ಹ್ಯಾಡ್ ಗಾನ್ ಟು ಧಾರವಾಡ ಯೆಸ್ಟರ್‌ಡೇ’ ಎಂದು ಹೇಳಿದರೆ, ಭೂತದ ಮತ್ತೊಂದು ಘಟನೆಗಿಂತ ಮುಂಚೆ ಹೋಗಿದ್ದೆನೆಂಬ ಅರ್ಥ ಹೊರಡುತ್ತದೆ. ಆಂಗ್ಲ ಶ್ರೋತೃವು ಆ ಮತ್ತೊಂದು ಘಟನೆ ಯಾವುದೆಂದು ಕಾಯುತ್ತಾನೆ. ನಮ್ಮವನ ಮಾತು ಅಲ್ಲಿಗೇ ಮುಗಿದಿರುತ್ತದೆ.