ಅಭಿಮಾನ, ಆತ್ಮರತಿ, ಅಮರ್ಷ

ವಡಾಲ ರೋಡ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಹಾರ್ಬರ್ ಮಾರ್ಗದ ಗಾಡಿ ಹತ್ತುವವರಿಗೆ ಈ ದೃಶ್ಯ ಹೊಸದೇನಲ್ಲ. ಜನಸಂದಣಿಯಲ್ಲಿ ಕಾಲು ತುಳಿಸಿಕೊಂಡವರಲ್ಲಿ ಹಲವರು ಮುಖ ಕಿವುಚಿ ಸುಮ್ಮನಾಗುತ್ತಾರೆ, ಒಬ್ಬನು ಮಾತ್ರ "ನಾನು ಯಾರು ಗೊತ್ತೇ?" ಎಂದು ಮೈಮೇಲೆ ಏರಿಹೋಗುತ್ತಾನೆ. ನೋವು ಎಲ್ಲರಿಗೂ ಒಂದೇ. ಸಿಟ್ಟು ಈತನೊಬ್ಬನಿಗೇ ಏಕೆ?

ಆತ್ಮಗೌರವದ ಕೊರತೆಯೇ ಆಕ್ರಮಣಪ್ರವೃತ್ತಿಗೆ ಮೂಲವೆಂಬುದು ಮನಶ್ಶಾಸ್ತ್ರದಲ್ಲಿ ಬಹುಕಾಲ ಪ್ರಚಲಿತವಾಗಿದ್ದ ಅಭಿಪ್ರಾಯ. 1996ರಲ್ಲಿ ಅಮೆರಿಕದ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಇದನ್ನು ಪ್ರಶ್ನಿಸಿ, ಪೆಟ್ಟುತಿಂದ ಅಹಂಭಾವವನ್ನು ಹಿಂಸೆಯ ಕಾರಣವಾಗಿ ಮುಂದಿಟ್ಟರು. 1998ರಲ್ಲಿ ಅವರು ಬ್ರ್ಯಾಡ್ ಬುಷ್‌ಮನ್ನರೊಡನೆ ನಡೆಸಿದ ಪ್ರಯೋಗವು ಸ್ವಾರಸ್ಯವಾದುದು. ವಿದ್ಯಾರ್ಥಿಗಳಿಂದ ಪ್ರಬಂಧ ಬರೆಯಿಸಿ, ಕೆಲವರದನ್ನು ಕಟುವಾಗಿ ಹಳಿದು, ಅನಂತರ ಹಳಿದವನ ಕಿವಿಗೆ ಕರ್ಕಶಧ್ವನಿಯನ್ನು ಬಿಡುವ ಅವಕಾಶ ಕೊಟ್ಟರು. ಅತಿ ತೀವ್ರವಾಗಿ ಸೇಡು ತೀರಿಸಿಕೊಂಡವರು ಹಳಿಸಿಕೊಂಡ ಆತ್ಮರತರು. ಎಂದರೆ, ತಾವೇ ಶ್ರೇಷ್ಠರೆಂದು ಲೋಕವು ಸದಾ ಒಪ್ಪುತ್ತಿರಬೇಕೆಂದು ಬಯಸುವವರು. ಆತ್ಮಗೌರವದ ಅಳತೆಗೂ ಆ ಸೇಡಿಗೂ ಸಂಬಂಧ ಕಾಣಲಿಲ್ಲ. ಆತ್ಮಗೌರವದ ಕೊರತೆಯೂ ಕಾರಣವೆಂಬ ವಾದವು 2005ರಲ್ಲಿ ಮತ್ತೆ ತಲೆಯೆತ್ತಿತಾದರೂ, 2021ರಲ್ಲಿ 437 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಆತ್ಮರತಿಗೂ ಆಕ್ರಮಣಕ್ಕೂ ಇರುವ ನಂಟು ದೃಢಪಟ್ಟಿತು. ಕೆಣಕಿದಾಗ ಅದು ಇನ್ನೂ ಪ್ರಬಲ.

ಈ ವಿಷಯ ನಮಗೆ ತೀರ ಅಪರಿಚಿತವೆನ್ನಲಾಗದು. ಭರತನು ಕ್ರೋಧವನ್ನು ಸ್ಥಾಯಿಭಾವವೆಂದೆಣಿಸಿ, ಅಮರ್ಷವನ್ನು ವ್ಯಭಿಚಾರಿಭಾವಗಳಲ್ಲಿ ಬೇರೆಯಾಗಿಯೇ ಹೇಳಿದನು. ವಿದ್ಯೆ, ಐಶ್ವರ್ಯ, ಬಲಗಳಲ್ಲಿ ಮಿಗಿಲಾದವರಿಂದ ಅವಮಾನಿತನಾದವನಲ್ಲಿ ಹುಟ್ಟುವುದು ಅಮರ್ಷ. ಇದಕ್ಕೆ ದುರ್ಯೋಧನನಿಗಿಂತ ಒಳ್ಳೆಯ ನಿದರ್ಶನ ಬೇಕೆ? ಪುಣೆಯ ಭಾಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಪಾಠದಂತೆ, ಅವನು ಪಾಂಡವರ ಸಭೆಯಲ್ಲಿ ನೀರಿಗೆ ಬಿದ್ದಾಗ ನಕ್ಕವರು ಸೇವಕರು, ಭೀಮಾರ್ಜುನರು, ನಕುಲ ಸಹದೇವರು. ಊರಿಗೆ ಮರಳಿ ತಂದೆಗೆ ವರದಿ ಮಾಡುವಾಗಲೋ, ನಕ್ಕವರಲ್ಲಿ ಕೃಷ್ಣನೂ ಸ್ತ್ರೀಯರೊಡನೆ ದ್ರೌಪದಿಯೂ ಸೇರುತ್ತಾರೆ! ರಾಜಾಜ್ಞೆಯಂತೆ ಒಣಬಟ್ಟೆ ಕೊಟ್ಟರಲ್ಲ, ಅದು ತನಗೆ ಇನ್ನೂ ಹೆಚ್ಚಿನ ದುಃಖವೆಂದು ಹೇಳುತ್ತಾನೆ. ಉಪಚಾರವೂ ಅವನಿಗೆ ಅವಮಾನವೇ.

ಹಾಗಿದ್ದರೂ ಮುಂಬಯಿಯ ತಾಳಮದ್ದಲೆಗಳಲ್ಲಿ ಕೌರವನ ಛಲಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ. ಇದು ನಮ್ಮ ದೋಷವೆಂದು ನನಗೆ ತೋರುವುದಿಲ್ಲ. ರನ್ನನ ಗದಾಯುದ್ಧದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ರಣಭೂಮಿಯಲ್ಲಿ ನಡೆಯುವ ದುರ್ಯೋಧನನು ಶತ್ರುಪುತ್ರನಾದ ಅಭಿಮನ್ಯುವಿನ ಶವದೆದುರು ನಿಂತು ಅವನ ಪೌರುಷವನ್ನು ಹೊಗಳುತ್ತಾನೆ. ಅನ್ಯರ ಹಿರಿಮೆಯನ್ನು ಒಪ್ಪಿಕೊಂಡರೂ ಕುಗ್ಗದ ಈ ಅಭಿಮಾನವು ಆತ್ಮಗೌರವವೆಂಬ ಹೆಸರಿಗೆ ತಕ್ಕುದು. ಆದರೆ ಸರೋವರದ ದಡದಲ್ಲಿ ಭೀಮನ ಮೂದಲೆ ಕೇಳಿಸಿದೊಡನೆ, ತಣ್ಣೀರಿನೊಳಗಿದ್ದೂ ಅವನ ಮೈ ಮತ್ತೆ ಕಾಯುತ್ತದೆ.