‘ಕೋಡಿ ಎಲ್ಲಿ?’ ಎಂದು ಅಪ್ಪ ಕೇಳಿದರು

ಹೈದರಾಬಾದಿಗೆ ಬಂದು ಹದಿನಾಲ್ಕು ವರ್ಷವಾಯಿತು. ಮಾದಾಪುರದಲ್ಲಿ ಐಟಿ ಕೆಲಸ. ಮನೆಯ ಹತ್ತಿರ ಒಂದು ಸಣ್ಣ ಕೆರೆಯಿದೆ. ಏರಿಯ ಮೇಲೆ ವಾಕಿಂಗ್ ಟ್ರ್ಯಾಕ್, ಬಣ್ಣದ ದೀಪಗಳು, ವಾರಾಂತ್ಯಕ್ಕೆ ಪೆಡಲ್ ಬೋಟು. ಕಳೆದ ಶ್ರಾವಣದಲ್ಲಿ ತುಮಕೂರು ಕಡೆಯ ನಮ್ಮೂರಿನಿಂದ ಅಪ್ಪ ಬಂದಾಗ ಹೆಮ್ಮೆಯಿಂದಲೇ ಅಲ್ಲಿಗೆ ಕರೆದೊಯ್ದೆ. ಅರ್ಧ ದಾರಿ ನಡೆಯುವಷ್ಟರಲ್ಲಿ ಅವರು ನಿಂತು ಕೇಳಿದರು: ‘ಇದರ ಕೋಡಿ ಎಲ್ಲಿ?’

ಆರು ವರ್ಷದಿಂದ ದಿನವೂ ಅಲ್ಲಿ ನಡೆಯುವ ನನಗೆ ಗೊತ್ತಿರಲಿಲ್ಲ. ಹುಡುಕಿದೆವು. ಒಂದು ಮೂಲೆಯಲ್ಲಿ ಕಬ್ಬಿಣದ ಜಾಲರಿ, ಅದರ ತುಂಬ ಅಂತರಗಂಗೆ ಮತ್ತು ಪ್ಲಾಸ್ಟಿಕ್ ಬಾಟಲಿ. ಅದರ ಹಿಂದೆ ಕೋಡಿ. ಅಪ್ಪ ಮಾತಾಡಲಿಲ್ಲ. ಏರಿಯ ಕೆಳಗೆ ಕಣ್ಣು ಹಾಯಿಸಿದರು. ಹಿಂದೆ ಅಚ್ಚುಕಟ್ಟು ಇದ್ದಿರಬಹುದಾದ ಜಾಗದಲ್ಲಿ ಈಗ ತಗಡಿನ ಮನೆಗಳ ಸಾಲು. ನಮ್ಮ ಮನೆಗೆಲಸಕ್ಕೆ ಬರುವ ರಾಯಚೂರು ಕಡೆಯ ಹೆಣ್ಣುಮಗಳು ಇಬ್ಬರು ಮಕ್ಕಳೊಂದಿಗೆ ಇರುವುದು ಅಲ್ಲೇ.

ಏರಿಗೆ ಇಲ್ಲಿ ಕಟ್ಟ ಎನ್ನುತ್ತಾರೆ, ಕೋಡಿಗೆ ಅಲುಗು, ತೂಬಿಗೆ ತೂಮು. ಹೆಸರು ಬೇರೆಯಾದರೂ ಮಣ್ಣಿನ ಗುಣ ಒಂದೇ. ಕಲ್ಲಿನ ಅಣೆಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನೀರು ಹರಿದರೆ ತಡೆದೀತು. ಮಣ್ಣಿನ ಏರಿ ತಡೆಯುವುದಿಲ್ಲ. ನೀರು ಏರಿಯನ್ನು ದಾಟಿ ಹರಿಯತೊಡಗಿದರೆ ಹೊರಮೈ ಮಣ್ಣು ಕೊಚ್ಚುತ್ತದೆ, ಸೀಳು ಅಗಲವಾಗುತ್ತ ಹೋಗುತ್ತದೆ. ಅದಕ್ಕೇ ಕೋಡಿ ಏರಿಗಿಂತ ತಗ್ಗಿನಲ್ಲಿರುತ್ತದೆ. ಬೋಟಿಗಾಗಿ ವರ್ಷವಿಡೀ ಕೆರೆ ತುಂಬಿಟ್ಟು ಕೋಡಿಯನ್ನೂ ಕಟ್ಟಿಸಿದರೆ ಮಳೆನೀರು ಹೋಗುವುದೆಲ್ಲಿಗೆ?

ಇದು ಬರೀ ಅಂಜಿಕೆಯಲ್ಲ. 2020ರ ಅಕ್ಟೋಬರ್ 13ರ ಮಳೆಯನ್ನು ಇಲ್ಲಿರುವ ಕನ್ನಡಿಗರು ಮರೆತಿಲ್ಲ. ಆ ರಾತ್ರಿ ಗಗನಪಹಾಡ್ ಬಳಿಯ ಅಪ್ಪಾ ಚೆರುವು ಒಡೆದು, ನಾವು ಊರಿಗೆ ಹೋಗುವ ಬೆಂಗಳೂರು ಹೆದ್ದಾರಿಯ ಮೇಲೆಯೇ ನೀರು ನುಗ್ಗಿತು, ಜೀವಗಳೂ ಹೋದವು. ನಾಲ್ಕೇ ದಿನಕ್ಕೆ ಬಾಲಾಪುರದ ಗುರ್ರಂ ಚೆರುವಿನ ಕಟ್ಟ ಒಡೆದು ಹಳೇ ಶಹರದ ಬಡಾವಣೆಗಳು ಮುಳುಗಿದವು. ನಮ್ಮ ಬೆಂಗಳೂರೇನೂ ಕಡಿಮೆಯಿಲ್ಲ. 2019ರ ನವೆಂಬರ್ 24ರ ಭಾನುವಾರ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು.

ಈ ಊರಿಗೆ ಆ ಪಾಠವನ್ನು ಲೆಕ್ಕ ಹಾಕಿ ತೋರಿಸಿದವರು ನಮ್ಮವರೇ. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ನಂತರ ನಿಜಾಮ್ ಸರ್ಕಾರ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ನಗರದ ಮೇಲ್ಭಾಗದ ಜಲಾನಯನದಲ್ಲಿ 788 ಕೆರೆಗಳಿದ್ದು, ಅವುಗಳಲ್ಲಿ 221 ಒಡೆದಿದ್ದವು ಎಂದು ಅವರು ದಾಖಲಿಸಿದರು. ಒಂದು ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯನ್ನೂ ಒಡೆಯುತ್ತದೆ. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಹುಟ್ಟಿದ್ದು ಅವರ ಆ ಸಲಹೆಗಳಿಂದಲೇ.

ದೊಡ್ಡ ಅಣೆಕಟ್ಟೆಗಳಿಗೆ ಈಗ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಿದೆ. ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದವುಗಳಿಗೆ, ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರಿನವಕ್ಕೆ. ನಮ್ಮ ವಾಕಿಂಗ್ ಕೆರೆಯಂಥವು ಅದರ ಲೆಕ್ಕಕ್ಕೇ ಬರುವುದಿಲ್ಲ. ಮೊದಲು ಇಂಥ ಕೆರೆಗೂ ನೀರಗಂಟಿ ಇರುತ್ತಿದ್ದ. ಅಪ್ಪನ ಸೋದರಮಾವ ನಮ್ಮೂರಿನ ನೀರಗಂಟಿ. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿಯ ಕೆಳಬದಿಯಲ್ಲಿ ನಡೆಯುತ್ತಿದ್ದರಂತೆ. ‘ತಿಳಿನೀರು ಜಿನುಗಿದರೆ ಕಣ್ಣಿಡು, ಕೆಂಪು ನೀರು ಬಂದರೆ ಊರು ಎಬ್ಬಿಸು’ ಎನ್ನುತ್ತಿದ್ದರಂತೆ. ಕೆಂಪು ನೀರೆಂದರೆ ಒಳಗಿನ ಮಣ್ಣು ಕೊಚ್ಚಿಬರುತ್ತಿದೆ ಎಂದರ್ಥ. ಗದ್ದೆ ಹೋಯಿತು, ನೀರಗಂಟಿಯೂ ಹೋದ. ಏರಿ ಮಾತ್ರ ಉಳಿದಿದೆ, ಅದರ ಹಿಂದಿನ ನೀರೂ ಉಳಿದಿದೆ.

ವಾಪಸಾಗುವಾಗ ಅಪ್ಪ ಏರಿಯ ಇಳಿಜಾರಿನಲ್ಲಿದ್ದ ಬೇವಿನ ಸಸಿಗಳನ್ನು ತೋರಿಸಿ, ‘ಇದ್ಯಾರು ನೆಟ್ಟಿದ್ದು?’ ಎಂದರು. ನಾಚಿಕೆಯಾಯಿತು. ಎರಡು ವರ್ಷದ ಹಿಂದೆ ಕಂಪನಿಯ ಸ್ವಯಂಸೇವೆಯ ದಿನ ನಾವೇ ನೆಟ್ಟಿದ್ದು. ಫೋಟೊ ಕೂಡ ತೆಗೆಸಿಕೊಂಡಿದ್ದೆ. ಮರ ದೊಡ್ಡದಾದರೆ ಬೇರು ಏರಿಯೊಳಗೆ ಇಳಿಯುತ್ತದೆ. ಸತ್ತರೆ ಬೇರು ಕೊಳೆತು ನೀರಿಗೆ ಕೊಳವೆಯಾಗುತ್ತದೆ. ಬಿರುಗಾಳಿಗೆ ಬಿದ್ದರೆ ಮಣ್ಣನ್ನೂ ಕಿತ್ತುಕೊಂಡೇ ಬೀಳುತ್ತದೆ. ಏರಿಗೆ ಬೇಕಿರುವುದು ಮರವಲ್ಲ, ಹುಲ್ಲು. ಹುಲ್ಲಿದ್ದರೆ ಜಿನುಗು, ಇಲಿ ಬಿಲ, ಬಿರುಕು ಎಲ್ಲ ಕಣ್ಣಿಗೆ ಬೀಳುತ್ತವೆ.

ನಿವಾಸಿಗಳ ಸಂಘದಿಂದ ಅರ್ಜಿ ಕೊಟ್ಟೆವು. ಮೂರನೇ ಸಲಕ್ಕೆ ಯಾರೋ ಬಂದು ಜಾಲರಿ ಸ್ವಚ್ಛ ಮಾಡಿ ಹೋದರು. ತಿಂಗಳೊಳಗೆ ಮತ್ತೆ ಕಟ್ಟಿಕೊಂಡಿತು. ಒಪ್ಪಿಗೆ ಪಡೆದು ಸಸಿಗಳನ್ನು ಮಾತ್ರ ಪಾರ್ಕಿಗೆ ಸ್ಥಳಾಂತರಿಸಿದೆವು. ಹನ್ನೊಂದರಲ್ಲಿ ಏಳು ಬದುಕಿವೆ.

ನೀವು ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ನಿಮ್ಮ ವಾಕಿಂಗ್ ಕೆರೆಯಲ್ಲಿ ನಾಳೆ ಎರಡು ನಿಮಿಷ ನಿಲ್ಲಿ. ಕೋಡಿ ಎಲ್ಲಿದೆ, ಅದು ತೆರೆದಿದೆಯೇ ನೋಡಿ. ಏರಿಯ ಬುಡ ಒದ್ದೆಯಾಗಿದೆಯೇ ಎಂದು ಹೊರಬದಿಯಲ್ಲೂ ಒಮ್ಮೆ ಕಣ್ಣಾಡಿಸಿ. ಕೆಳಗೆ ಯಾರ ಮನೆಯಿದೆ ಎಂದೂ ತಿಳಿದುಕೊಳ್ಳಿ.

ನಾನು ಈಗ ಮಳೆ ಬಂದ ಮರುದಿನ ಏರಿಯ ಕೆಳಗಿನ ದಾರಿಯಲ್ಲೇ ನಡೆಯುತ್ತೇನೆ. ಅಪ್ಪ ಫೋನಿನಲ್ಲಿ ಊಟವಾಯಿತೇ ಎಂದು ಕೇಳುವ ಮೊದಲು ಕೇಳುತ್ತಾರೆ: ‘ನೀರು ಯಾವ ಬಣ್ಣ?’ ಇಲ್ಲಿಯವರೆಗೆ ‘ತಿಳಿ’ ಎಂದೇ ಹೇಳಿದ್ದೇನೆ.